ಅಪ್ಪ ಹೋದರು, ಕೋವಿ ಮನೆಯಲ್ಲೇ ಉಳಿಯಿತು

ಪ್ರಶ್ನೆ: ನಾನು ತುಂಬ ವರ್ಷ ಕೊಲ್ಲಿಯಲ್ಲಿದ್ದು, ಅಪ್ಪನಿಗೆ ಹುಷಾರಿಲ್ಲವೆಂದು ಊರಿಗೆ ಬಂದವ. ಅಪ್ಪ ತೀರಿಕೊಂಡು ವರ್ಷ ಕಳೆಯಿತು. ಶಿರ್ವದ ಹತ್ತಿರ ನಮಗೆ ಗದ್ದೆ, ತೆಂಗು, ಮನೆಯೆದುರು ಸ್ವಲ್ಪ ಮಲ್ಲಿಗೆ ಇದೆ. ಬೆಳೆ ರಕ್ಷಣೆಗೆಂದು ಅಪ್ಪ ಲೈಸೆನ್ಸ್ ಪಡೆದಿದ್ದ ಕೇಪಿನ ಕೋವಿ ಈಗಲೂ ಅವರ ಕೋಣೆಯಲ್ಲೇ ಇದೆ. ಚುನಾವಣೆ ಬಂದಾಗಲೆಲ್ಲ ಅವರು ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರುತ್ತಿದ್ದರು. "ಪುಸ್ತಕದಲ್ಲಿ ಇನ್ನೂ ಅವಧಿ ಬಾಕಿ ಇದೆ, ಸುಮ್ಮನಿರು, ಯಾರು ಕೇಳುತ್ತಾರೆ?" ಎನ್ನುತ್ತಾರೆ ಸೋದರಮಾವ. ಅಮ್ಮ ಅದನ್ನು ಮುಟ್ಟಲೂ ಬಿಡುವುದಿಲ್ಲ. ಈ ಸಲ ಮಳೆಗಾಲದ ಏಣೆಲು ಬೆಳೆಗೆ ಹಂದಿ ನುಗ್ಗಿ ಅರ್ಧ ಗದ್ದೆ ಹೋಯಿತು. ಆಗ ಗೆಳೆಯನೊಬ್ಬ, "ನಿನ್ನ ಅಪ್ಪನದು ಹಳತಾಯಿತು. ಕೊಡಗಿನ ಕಡೆಯಿಂದ ತೋಟೆ ಹಾಕುವ ಗಿಡ್ಡ ನಳಿಗೆಯದು ತರಿಸಿಕೊಡುತ್ತೇನೆ, ಕಾಗದಪತ್ರ ಆಮೇಲೆ ನೋಡಿಕೊಂಡರಾಯಿತು" ಎಂದ. ನಾನು ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಠಾಣೆಗೆ ಹೋದರೆ ಇಷ್ಟು ದಿನ ಯಾಕೆ ಇಟ್ಟುಕೊಂಡೆ ಎಂದು ಕೇಸು ಹಾಕುತ್ತಾರೋ ಎಂಬ ಹೆದರಿಕೆ. ಹೋಗದಿದ್ದರೂ ಹೆದರಿಕೆ. ರಾತ್ರಿ ಬೈಕಿನ ಸದ್ದಾದರೆ ಎದ್ದು ಕೂರುತ್ತೇನೆ. ಹೆಂಡತಿಗೂ ಸಾಕಾಗಿದೆ. ನಾನು ಅಪರಾಧಿಯಾಗಿಬಿಟ್ಟೆನೇ?
– ಹೆಸರು ಬೇಡ, ಶಿರ್ವ

ಉತ್ತರ: ನಿಮ್ಮ ಪತ್ರದ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ಕೆಟ್ಟ ಉದ್ದೇಶ ಇದ್ದವರು ಹೀಗೆ ಪತ್ರ ಬರೆಯುವುದಿಲ್ಲ. ಅಪ್ಪನನ್ನು ಕಳೆದುಕೊಂಡ ಮನೆಯಲ್ಲಿ ಮೊದಲ ತಿಂಗಳುಗಳು ಹೇಗೆ ಸರಿದುಹೋಗುತ್ತವೆ ಎಂಬುದು ಆ ದಾರಿಯಲ್ಲಿ ನಡೆದ ಎಲ್ಲರಿಗೂ ಗೊತ್ತು. ಉತ್ತರಕ್ರಿಯೆ, ಮರಣ ಪ್ರಮಾಣಪತ್ರ, ಬ್ಯಾಂಕಿನ ಕೆಲಸ, ಪಹಣಿಯಲ್ಲಿ ಹೆಸರು ಬದಲಾವಣೆ, ಅದರ ನಡುವೆ ಗದ್ದೆಯ ಕೆಲಸ. ಕೋಣೆಯ ಮೂಲೆಯಲ್ಲಿ ನಿಂತಿದ್ದ ಒಂದು ಕೋವಿಯ ನೆನಪು ಕೊನೆಗೆ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ. ನೆನಪಾದ ಮೇಲೆ ಮುಟ್ಟಲು ಕೈ ಬರಲಿಲ್ಲ. ಮುಟ್ಟಿದರೆ ಅಪ್ಪ ಇಲ್ಲ ಎಂಬುದನ್ನು ಇನ್ನೊಮ್ಮೆ ಒಪ್ಪಿಕೊಳ್ಳಬೇಕಾಗುತ್ತಿತ್ತು. ನಿಮ್ಮ ಹೆದರಿಕೆಯಲ್ಲಿ ದುಃಖದ ಪಾಲೂ ಇದೆ ಎಂದು ನನಗನ್ನಿಸುತ್ತದೆ. ಎರಡನ್ನೂ ಒಟ್ಟಿಗೆ ಹೊತ್ತಿದ್ದರಿಂದ ಭಾರ ಹೆಚ್ಚಾಗಿದೆ.

ನೀವೇ ಬರೆದ ಒಂದು ಸಾಲನ್ನು ಇನ್ನೊಮ್ಮೆ ಓದಿ ನೋಡಿ. ಚುನಾವಣೆ ಬಂದಾಗಲೆಲ್ಲ ಅಪ್ಪ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದರು ಎಂದಿರಿ. ಕರಾವಳಿಯ ಸಾವಿರಾರು ಕೃಷಿಕರ ಹಾಗೆ ಅವರೂ ಅದನ್ನು ಗೊಣಗಿಕೊಂಡೇ ಮಾಡಿರಬಹುದು. ಹಂದಿ ಕಾಟ ಜೋರಾಗಿರುವ ಹೊತ್ತಿಗೆ ಕೋವಿ ಠಾಣೆಯಲ್ಲಿರುತ್ತದೆ ಎಂಬ ದೂರು ನಮ್ಮ ಜಿಲ್ಲೆಯಲ್ಲಿ ಹಳೆಯದು, ನ್ಯಾಯವಾದದ್ದೂ ಹೌದು. ಆದರೂ ಅವರು ಹೋದರು, ರಶೀದಿ ತಂದರು, ಅದನ್ನು ಜೋಪಾನ ಮಾಡಿದರು. ಅಂದರೆ ನಿಮ್ಮ ಅಪ್ಪನಿಗೆ ಠಾಣೆ ನಾಚಿಕೆಯ ಜಾಗವಾಗಿರಲಿಲ್ಲ. ಆ ಕೋವಿಯೂ ಗುಟ್ಟಿನ ವಸ್ತುವಲ್ಲ. ಅದರ ನಂಬರು, ಅಪ್ಪನ ಹೆಸರು, ಮನೆಯ ವಿಳಾಸ ಠಾಣೆಯ ಲೈಸೆನ್ಸ್ ದಾಖಲೆಯಲ್ಲಿರುತ್ತವೆ. ಮುಂದಿನ ಚುನಾವಣೆಗೆ ಕೋವಿ ಬಾರದಿದ್ದಾಗ ಅವರಾಗಿಯೇ ವಿಚಾರಿಸುತ್ತಾರೆ. "ಯಾರು ಕೇಳುತ್ತಾರೆ?" ಎಂಬ ಮಾವನ ಮಾತು ಪ್ರೀತಿಯಿಂದ ಬಂದದ್ದೇ ಇರಬಹುದು, ಆದರೆ ಅದು ಸರಿಯಲ್ಲ. ಅವರು ಕೇಳುವ ಮೊದಲು ನೀವಾಗಿ ಹೋದರೆ ಅಪ್ಪ ಮಾಡುತ್ತಿದ್ದುದನ್ನೇ ಮುಂದುವರಿಸಿದಂತಾಗುತ್ತದೆ. ಅವರು ಬಂದು ಕೇಳಿದ ಮೇಲೆ ಅದೇ ಕೆಲಸದ ಅರ್ಥವೇ ಬೇರೆ.

ಪುಸ್ತಕದಲ್ಲಿ ಅವಧಿ ಬಾಕಿ ಇದೆ ಎಂಬ ಮಾತನ್ನು ಇಲ್ಲಿಯೇ ಬಿಡಿಸಿಬಿಡೋಣ, ಈ ತಪ್ಪು ತಿಳಿವಳಿಕೆ ಬಹಳ ಮನೆಗಳಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಸಿಗುವುದು ವ್ಯಕ್ತಿಗೆ. ಅದು ಮನೆಗಾಗಲಿ, ಜಮೀನಿಗಾಗಲಿ, ಕುಟುಂಬಕ್ಕಾಗಲಿ ಸಿಗುವುದಲ್ಲ. 2019ರ ತಿದ್ದುಪಡಿಯ ಬಳಿಕ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಹಾಗಾಗಿ ಪುಸ್ತಕದಲ್ಲಿ ಮುಂದಿನ ತಾರೀಕು ಕಾಣಿಸುತ್ತಿರಬಹುದು. ಲೈಸೆನ್ಸುದಾರರು ತೀರಿಕೊಂಡ ಮೇಲೆ ಆ ತಾರೀಕಿಗೆ ಬೆಲೆಯಿಲ್ಲ. ಯಾವುದೇ ಕಾರಣದಿಂದ ಆಯುಧ ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿ ಉಳಿಯದಿದ್ದರೆ, ವಿನಾಕಾರಣ ತಡಮಾಡದೆ ಹತ್ತಿರದ ಠಾಣೆಯಲ್ಲೋ ಅಧಿಕೃತ ಮಾರಾಟಗಾರರ ಬಳಿಯಲ್ಲೋ ಠೇವಣಿ ಇಡಬೇಕು ಎಂದು ಅದೇ ಕಾಯ್ದೆಯ 21ನೇ ಕಲಂ ಹೇಳುತ್ತದೆ.

ನಿಮ್ಮಲ್ಲಿ ತಡವಾಗಿದೆ. ಇದನ್ನು ಸಣ್ಣದು ಮಾಡಿ ಹೇಳಿದರೆ ನಿಮಗೆ ಉಪಕಾರವಾಗುವುದಿಲ್ಲ. ಲೈಸೆನ್ಸ್ ಇಲ್ಲದೆ ಇಂಥ ಕೋವಿ ಇಟ್ಟುಕೊಂಡದ್ದು ಸಾಬೀತಾದರೆ ಈಗಿನ ಕಾನೂನಿನಲ್ಲಿ ಎರಡರಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಏನೂ ಆಗುವುದಿಲ್ಲ ಎಂದು ಇಲ್ಲಿ ಕುಳಿತು ಭರವಸೆ ಕೊಡುವ ಅಧಿಕಾರ ನನಗಿಲ್ಲ. ಆದರೆ ಅಪ್ಪನ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ, ಹಳೆಯ ಠೇವಣಿ ರಶೀದಿಗಳನ್ನು ಕೈಯಲ್ಲಿ ಹಿಡಿದು ತಾನಾಗಿ ಬಂದ ಮಗನಿಗೂ, ಕದ್ದಿಟ್ಟು ಸಿಕ್ಕಿಬಿದ್ದವನಿಗೂ ಇರುವ ವ್ಯತ್ಯಾಸ ಪೊಲೀಸರಿಗೂ ಗೊತ್ತು, ನ್ಯಾಯಾಲಯಕ್ಕೂ ಗೊತ್ತು. ಆ ವ್ಯತ್ಯಾಸ ಇಂದು ನಿಮ್ಮ ಕಡೆಗಿದೆ. ದಿನ ಕಳೆದಂತೆ ಸವೆಯುತ್ತಾ ಹೋಗುತ್ತದೆ.

ಹಾಗಾದರೆ ಮೊದಲು ಎಲ್ಲಿಗೆ ಹೋಗುವುದು? ವಕೀಲರೊಬ್ಬರ ಬಳಿಗೆ. ಪರಿಚಯದವರಿಲ್ಲದಿದ್ದರೆ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಮನೆಯಿಂದಲೇ ಫೋನು ಮಾಡಬಹುದು. ಅವರ ಸಹಾಯದಿಂದ ಅರ್ಧ ಪುಟದ ಒಂದು ಹೇಳಿಕೆ ಬರೆಸಿ. ಅಪ್ಪ ತೀರಿಕೊಂಡ ದಿನ, ಲೈಸೆನ್ಸ್ ಸಂಖ್ಯೆ, ಕೋವಿಯ ವಿವರ, ಅದು ಈಗ ಇರುವ ಜಾಗ, ಒಪ್ಪಿಸಲು ನೀವು ಸಿದ್ಧರಿದ್ದೀರಿ ಎಂಬುದು ಅದರಲ್ಲಿರಲಿ. ತಡವಾದದ್ದನ್ನೂ ಬರೆಯಿರಿ, ಅದಕ್ಕೆ ಕತೆ ಕಟ್ಟಬೇಡಿ. ಆಮೇಲೆ ವಕೀಲರ ಜೊತೆಗೋ ಊರಿನ ಹಿರಿಯರೊಬ್ಬರ ಜೊತೆಗೋ ಶಿರ್ವ ಠಾಣೆಗೆ ಹೋಗಿ.

ಆ ದಿನ ಕೋವಿ ಒಯ್ಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಕಾಗದ ಮಾತ್ರ ಒಯ್ಯಿರಿ. ಕೋವಿಯನ್ನು ಹೇಗೆ ತರಬೇಕು, ಅಥವಾ ಅವರೇ ಬಂದು ಒಯ್ಯುತ್ತಾರೆಯೇ ಎಂದು ಕೇಳಿ. ಲೈಸೆನ್ಸ್ ಇಲ್ಲದ ಕೋವಿಯನ್ನು ಬೈಕಿನಲ್ಲೋ ಆಟೋದಲ್ಲೋ ಸಾಗಿಸುತ್ತಾ ದಾರಿಯಲ್ಲಿ ಸಿಕ್ಕಿಕೊಳ್ಳುವುದು ಬೇಡ. ಇನ್ನೂ ದೊಡ್ಡ ಕಾರಣವೊಂದಿದೆ. ಕೇಪಿನ ಕೋವಿಗೆ ಮದ್ದು ತುಂಬುವುದು ನಳಿಗೆಯ ಬಾಯಿಯಿಂದ. ಒಳಗೆ ಮದ್ದು ಇದೆಯೋ ಇಲ್ಲವೋ ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಎಷ್ಟೋ ತಿಂಗಳ ಹಿಂದೆ ತುಂಬಿಟ್ಟ ಕರಿಮದ್ದೂ ಸಿಡಿಯಬಲ್ಲದು. ನಿಮ್ಮ ಅಪ್ಪ ಕೊನೆಯ ಸಲ ತುಂಬಿಟ್ಟಿದ್ದರೋ ಏನೋ, ಹೇಳುವವರು ಈಗಿಲ್ಲ. ಆದ್ದರಿಂದ ತೆಗೆದು ನೋಡುವುದು, ಒರೆಸುವುದು, ಕುದುರೆ ಎಳೆದು ಪರೀಕ್ಷಿಸುವುದು ಯಾವುದೂ ಬೇಡ. ಕೋಣೆಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಬಳಿ ಇರಲಿ. ಕೇಪು, ಮದ್ದು ಉಳಿದಿದ್ದರೆ ಅದನ್ನೂ ಠಾಣೆಯಲ್ಲಿ ಹೇಳಿ.

ಒಪ್ಪಿಸಿದ ಮೇಲೆ ರಶೀದಿ ಇಲ್ಲದೆ ಬರಬೇಡಿ. ಒಪ್ಪಿಸಿದರೆ ಅಪ್ಪನ ಕೋವಿ ಕೈಬಿಟ್ಟುಹೋಯಿತು ಎಂದು ಅಮ್ಮ ಭಾವಿಸಬಹುದು, ಹಾಗೇನಿಲ್ಲ. ಮುಂದೆ ನಿಮಗೆ ಲೈಸೆನ್ಸ್ ಸಿಕ್ಕರೆ ಅದನ್ನು ಮರಳಿ ಪಡೆಯುವ ಹಕ್ಕು, ಬೇಡವಾದರೆ ಲೈಸೆನ್ಸ್ ಇರುವವರಿಗೆ ಮಾರಿ ಹಣ ಪಡೆಯುವ ಹಕ್ಕು ವಾರಸುದಾರರಿಗೆ ಇದೆ. ಅದಕ್ಕೆ ಕಾಲಮಿತಿ ಇರುತ್ತದೆ. ಅದು ದಾಟಿದರೆ ಕೋವಿ ಸರ್ಕಾರಕ್ಕೆ ಸೇರುತ್ತದೆ. ಹಾಗಾಗಿ ಠೇವಣಿ ಇಟ್ಟು ಮರೆಯಬೇಡಿ.

ನಿಮ್ಮ ಹೆಸರಿಗೆ ಲೈಸೆನ್ಸ್ ಬೇಕೆಂದಾದರೆ ದಾರಿ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ತೀರಿಕೊಂಡ ಲೈಸೆನ್ಸುದಾರರ ವಾರಸುದಾರರಿಗೆ ಲೈಸೆನ್ಸ್ ಕೊಡಲು ಪ್ರತ್ಯೇಕ ಅವಕಾಶವೇ ಇದೆ. ಅಕ್ಕ ತಂಗಿ, ಅಣ್ಣ ತಮ್ಮ ಇದ್ದರೆ ಅವರ ಒಪ್ಪಿಗೆ ಬೇಕಾಗುತ್ತದೆ. ಇಪ್ಪತ್ತೊಂದು ವರ್ಷ ತುಂಬಿರಬೇಕು. ಅರ್ಜಿಯ ಜೊತೆ ಗುರುತು ಮತ್ತು ವಿಳಾಸದ ದಾಖಲೆ, ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ, ಕೋವಿ ಸುರಕ್ಷಿತವಾಗಿ ಬಳಸುವ ತರಬೇತಿಯ ದಾಖಲೆ ಕೇಳುತ್ತಾರೆ. ಬೆಳೆ ರಕ್ಷಣೆಗೆಂದು ಕೇಳುವವರು ಪಹಣಿಯನ್ನೂ ಸಿದ್ಧವಿಟ್ಟುಕೊಳ್ಳುವುದು ಒಳ್ಳೆಯದು. ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿ. ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ. ನಿಮ್ಮ ಠಾಣೆಯಿಂದ ವರದಿ ಹೋಗುತ್ತದೆ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಅಪ್ಪನ ಲೈಸೆನ್ಸ್ ಅದಕ್ಕೂ ಹಳೆಯದಾಗಿದ್ದರೆ ಮೊದಲ ಕಡತ ಮಂಗಳೂರಿನದಾಗಿರುತ್ತದೆ, ಕೌಂಟರಿನಲ್ಲಿ ಮೊದಲೇ ಅದನ್ನು ಹೇಳಿದರೆ ಹುಡುಕುವವರಿಗೆ ಸುಲಭ. ಪುಸ್ತಕದಲ್ಲಿ ಯುಐಎನ್ ಎಂಬ ಗುರುತಿನ ಸಂಖ್ಯೆ ಇದೆಯೇ ಎಂದೂ ನೋಡಿಕೊಳ್ಳಿ.

ಜಮೀನು ಸ್ವಲ್ಪವೇ ಇದೆ, ನನಗೆಲ್ಲಿ ಕೊಡುತ್ತಾರೆ ಎಂದು ಮೊದಲೇ ಸೋಲೊಪ್ಪಬೇಡಿ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ನಿರಾಕರಿಸಿದರೆ ಸಾಮಾನ್ಯವಾಗಿ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಮೇಲ್ಮನವಿಗೂ ಅವಕಾಶವಿದೆ. ತಿಂಗಳುಗಟ್ಟಲೆ ಅಲೆದಾಟ ಆಗಬಹುದು. ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಜನ ಅಡ್ಡದಾರಿಗೆ ಇಳಿಯುವುದು.

ಈಗ ನಿಮ್ಮ ಗೆಳೆಯನ ವಿಷಯ. ಅವರಿಗೆ ನಿಮ್ಮ ಗದ್ದೆಯ ಪಾಡು ನೋಡಿ ಮರುಕವಾಗಿರಬಹುದು. ಆದರೂ ಅವರ ಮಾತಿನಲ್ಲಿ ಮೂರು ಅಪಾಯಗಳು ಒಟ್ಟಿಗಿವೆ. ಕಾಗದಪತ್ರ ಆಮೇಲೆ ಎಂಬುದು ಮೊದಲನೆಯದು. ಈ ವಿಷಯದಲ್ಲಿ ಆಮೇಲೆ ಎಂಬುದೇ ಇಲ್ಲ. ಲೈಸೆನ್ಸ್ ಮೊದಲು, ಕೋವಿ ನಂತರ. ಸರಿಯಾದ ಲೈಸೆನ್ಸ್ ಇರುವವರೂ ತಮ್ಮ ಕೋವಿಯನ್ನು ಇನ್ನೊಬ್ಬ ಲೈಸೆನ್ಸುದಾರರಿಗೆ ನೇರವಾಗಿ ಮಾರಬೇಕಾದರೆ, ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಕೊಳ್ಳುವವರ ಹೆಸರು ವಿಳಾಸ ಬರೆದು ತಿಳಿಸಿ 45 ದಿನ ಕಾಯಬೇಕು. ಈ ಒಂದು ನಿಯಮ ತಿಳಿದಿದ್ದರೆ ಸಾಕು, ರಾತ್ರಿ ಗೋಣಿಯಲ್ಲಿ ಸುತ್ತಿ ತರುವ ಕೋವಿ ಎಂಥದ್ದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯದು ಆ ಗಿಡ್ಡ ನಳಿಗೆ. ನಳಿಗೆ ಇಪ್ಪತ್ತು ಇಂಚಿಗಿಂತ ಕಡಿಮೆ ಇರುವ ಬಂದೂಕನ್ನು ನಿಯಮಗಳು ಸಾಮಾನ್ಯ ಕೋವಿಗಳ ಸಾಲಿನಲ್ಲಿ ಇಟ್ಟಿಲ್ಲ, ನಿರ್ಬಂಧಿತ ವರ್ಗದಲ್ಲಿ ಇಟ್ಟಿವೆ. ಅನುಮತಿಯಿಲ್ಲದೆ ನಳಿಗೆ ಕತ್ತರಿಸಿ ಗಿಡ್ಡ ಮಾಡುವುದೇ ಬೇರೆ ಅಪರಾಧ. ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಅಂಥದ್ದನ್ನು ಸೇರಿಸಲು ಬರುವುದಿಲ್ಲ. ಅಂದರೆ ಆಮೇಲೆ ಮಾಡಿಸುತ್ತೇವೆ ಎಂದ ಕಾಗದ ಎಂದೂ ಆಗುವಂಥದ್ದಲ್ಲ.

ಮೂರನೆಯದು ಕೊಡಗಿನ ಹೆಸರು. ಅಲ್ಲಿ ಲೈಸೆನ್ಸೇ ಬೇಡವಂತೆ ಎಂಬ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರ ವರೆಗೆ ವಿಸ್ತರಿಸಿತು. ವಿನಾಯಿತಿಯನ್ನು ಪ್ರಶ್ನಿಸಿ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು. ಆ ವಿನಾಯಿತಿ ಆ ಜನರಿಗೆ, ಅವರ ಪರಂಪರೆಗೆ ಸಂದದ್ದು. ಕೋವಿ ಘಟ್ಟ ಇಳಿದು ಶಿರ್ವದ ನಿಮ್ಮ ಮನೆಗೆ ಬಂದರೆ ವಿನಾಯಿತಿ ಅದರ ಜೊತೆ ಇಳಿದು ಬರುವುದಿಲ್ಲ. ಕೊಟ್ಟವರೂ ತೊಂದರೆಗೆ ಸಿಲುಕುತ್ತಾರೆ, ನೀವೂ ಸಿಲುಕುತ್ತೀರಿ.

ಗೆಳೆಯನಿಗೆ ಇಂದೇ ಒಂದು ಮಾತು ಹೇಳಿಬಿಡಿ: "ನನಗೆ ಬೇಡ. ನಾನು ಡಿಸಿ ಆಫೀಸಿಗೆ ಅರ್ಜಿ ಹಾಕುತ್ತಿದ್ದೇನೆ." ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ನೀವು ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ ಎಂದು ಬರೆದಿದ್ದೀರಲ್ಲ, ರಾತ್ರಿ ಬೈಕಿನ ಸದ್ದಿಗೆ ಎಚ್ಚರವಾಗುವುದಕ್ಕೆ ಆ ಬಾಕಿ ಉಳಿದ ಉತ್ತರವೂ ಒಂದು ಕಾರಣ.

ಕೆಲವರು ಏರ್‌ಗನ್ ತೆಗೆದುಕೊಂಡರೆ ರಗಳೆಯಿಲ್ಲ ಎನ್ನುತ್ತಾರೆ. ನಳಿಗೆಯ ಒಳವ್ಯಾಸ 0.177 ಇಂಚಿಗಿಂತ ಹೆಚ್ಚಿರುವ, ಅಥವಾ 20 ಜೌಲ್‌ಗಿಂತ ಹೆಚ್ಚು ಶಕ್ತಿಯ ಏರ್‌ಗನ್ನಿಗೂ ಲೈಸೆನ್ಸ್ ಬೇಕು. ಚಿಕ್ಕದಕ್ಕೆ ಬೇಡ ನಿಜ, ಆದರೆ ಅದರಿಂದ ನವಿಲಿಗೆ ಹೊಡೆದರೆ ವನ್ಯಜೀವಿ ಕಾನೂನು ಬಿಡುವುದಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಕೋವಿ ಬಂದರೆ ನಿಮ್ಮ ಗದ್ದೆ ಉಳಿಯುತ್ತದೆಯೇ? ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ಅನುಮತಿಯಲ್ಲ. ನವಿಲು, ಕಾಡುಕೋಣ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕಾಡುಹಂದಿ, 2022ರ ತಿದ್ದುಪಡಿಯ ಬಳಿಕ, ಎರಡನೇ ಪಟ್ಟಿಯಲ್ಲಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಬೇಕಾದರೂ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಬೇಕು. ಹೆದರಿಸಿ ಓಡಿಸಲು ಸದ್ದು ಮಾಡುವುದೇ ಹೆಚ್ಚಿನ ದಿನ ಕೋವಿಯ ಕೆಲಸ. ಹೆದರಿ ಓಡಿದ ಹಂದಿ ಪಕ್ಕದವರ ಗದ್ದೆಗೆ ಇಳಿದು, ಎರಡು ದಿನ ಬಿಟ್ಟು ಮತ್ತೆ ನಿಮ್ಮಲ್ಲಿಗೆ ಬರುತ್ತದೆ, ಇದು ಏಣೆಲು ಬೇಸಾಯ ಮಾಡುವ ಎಲ್ಲರಿಗೂ ಗೊತ್ತು. ಹಾಗಾಗಿ ಹೋದ ಬೆಳೆಯ ಫೋಟೋ ತೆಗೆದಿಟ್ಟು, ವಲಯ ಅರಣ್ಯಾಧಿಕಾರಿ ಕಚೇರಿಗೆ ಬೆಳೆಹಾನಿ ಪರಿಹಾರದ ಅರ್ಜಿ ಕೊಡಿ. ಸೌರ ಬೇಲಿಗೆ ಸಹಾಯಧನ ಇದೆಯೇ ಎಂದು ಅಲ್ಲಿಯೇ ವಿಚಾರಿಸಿ. ನೆರೆಯ ನಾಲ್ಕು ಮನೆಯವರು ಸೇರಿ ಬೇಲಿ ಹಾಕಿದರೆ ಒಬ್ಬರ ಕೋವಿಗಿಂತ ಹೆಚ್ಚು ಉಪಯೋಗ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಹಾಯಿಸುವುದು ಮಾತ್ರ ಯಾರು ಹೇಳಿದರೂ ಬೇಡ. ಅದರಲ್ಲಿ ಸತ್ತವರಲ್ಲಿ ಬೆಳಗ್ಗೆ ಗದ್ದೆಗೆ ಹೋದ ಮನೆಯವರೇ ಇದ್ದಾರೆ.

ಅಮ್ಮನ ಬಗ್ಗೆ ನೀವು ಒಂದೇ ಸಾಲು ಬರೆದಿರಿ. ನನಗೆ ಅದೇ ಹೆಚ್ಚು ಕಾಡಿತು. ಅವರು ಹಿಡಿದುಕೊಂಡಿರುವುದು ಗಂಡನ ಕೈ ಓಡಾಡಿದ ವಸ್ತುವನ್ನು. ಅವರಿಗೆ ಕಾನೂನಿನ ಕಲಂ ಹೇಳಿ ಪ್ರಯೋಜನವಿಲ್ಲ, ಕೋವಿ ಕಂಡರೆ ಪೊಲೀಸರು ಹಿಡಿಯುತ್ತಾರೆ ಎಂದು ಹೆದರಿಸುವುದೂ ಬೇಡ. ಊಟವಾದ ಮೇಲೆ ಪಕ್ಕದಲ್ಲಿ ಕುಳಿತು, ಅಪ್ಪ ಅದನ್ನು ಮೊದಲು ತಂದದ್ದು ಯಾವಾಗ, ಠಾಣೆಗೆ ಒಯ್ಯುವಾಗ ಏನು ಹೇಳುತ್ತಿದ್ದರು ಎಂದು ಕೇಳಿ. ಅವರೇ ಮಾತಾಡಲಿ. ಅತ್ತರೆ ಅಳಲಿ. ಆಮೇಲೆ ಹೇಳಿ: "ಅಪ್ಪ ಇಡುತ್ತಿದ್ದ ಹಾಗೆ ನಾನೂ ಈಗ ಠಾಣೆಯಲ್ಲಿ ಇಡುತ್ತೇನೆ ಅಮ್ಮ, ರಶೀದಿ ತರುತ್ತೇನೆ." ಆ ರಶೀದಿಯನ್ನು ಅವರ ಕೈಗೇ ಕೊಡಿ. ಅಪ್ಪನ ಬೇರೆ ಯಾವುದಾದರೂ ವಸ್ತು, ಟಾರ್ಚೋ ಗದ್ದೆಗೆ ಹೋಗುವಾಗ ಹಿಡಿಯುತ್ತಿದ್ದ ಕೋಲೋ, ಅಮ್ಮನ ಕಣ್ಣೆದುರು ಇರಲಿ. ಮಾವನಿಗೂ ಇದೇ ಹೊತ್ತಿನಲ್ಲಿ ತಿಳಿಸಿ, ಜಗಳ ಮಾಡದೆ. "ನೀವು ನನ್ನ ಒಳ್ಳೆಯದಕ್ಕೇ ಹೇಳಿದಿರಿ ಮಾವ, ಆದರೆ ಇದನ್ನು ನಾನು ಹೀಗೆ ಮಾಡುತ್ತೇನೆ" ಎಂದರೆ ಸಾಕು.

ಕೊನೆಗೆ ನಿಮ್ಮ ಬಗ್ಗೆ. ತಿಂಗಳುಗಟ್ಟಲೆ ನಿದ್ದೆಯಿಲ್ಲ, ಸಣ್ಣ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ, ಮನೆಯಲ್ಲಿ ಮಾತು ಸಿಡಿಯುತ್ತದೆ. ಇಂಥ ಸ್ಥಿತಿಯಲ್ಲಿರುವ ಯಾರ ಮನೆಯಲ್ಲೂ ಕೋವಿ ಇರಬಾರದು ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಅದು ನಿಮ್ಮ ಮೇಲಿನ ಅಪನಂಬಿಕೆಯಲ್ಲ. ಮನಸ್ಸು ಕುಗ್ಗಿದ ಒಂದು ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಗುವ ವಸ್ತು ಯಾವುದು ಎಂಬುದರ ಮೇಲೆ ಜೀವ ನಿಂತಿರುತ್ತದೆ. ಬದುಕೇ ಬೇಡ ಎಂಬ ಯೋಚನೆ ನಿಮಗಾಗಲಿ ಅಮ್ಮನಿಗಾಗಲಿ ಎಂದಾದರೂ ಸುಳಿದಿದ್ದರೆ, ಮನೆಯಲ್ಲಿ ಯಾರಿಗಾದರೂ ಕುಡಿತ ಹೆಚ್ಚಾಗಿದ್ದರೆ, ಮೇಲೆ ಹೇಳಿದ ಕೆಲಸವನ್ನು ಮುಂದಿನ ವಾರಕ್ಕೆ ಇಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಮುಖಾಮುಖಿ ಮಾತಾಡಬೇಕೆಂದರೆ ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಇದೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಲೈಸೆನ್ಸಿಗೆ ತೊಂದರೆಯಾದೀತೆಂದು ವೈದ್ಯರಿಂದ ಏನನ್ನೂ ಮುಚ್ಚಿಡಬೇಡಿ. ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ಸಾಕಾಗಿರುವುದು ನಿಮ್ಮಿಂದಲ್ಲ, ನೀವು ಒಬ್ಬರೇ ಹೊತ್ತುಕೊಂಡು ಮೌನವಾಗಿರುವುದರಿಂದ ಇರಬಹುದು. ಈ ಉತ್ತರವನ್ನು ಅವರಿಗೆ ಓದಲು ಕೊಟ್ಟು, ಠಾಣೆಗೆ ಹೋಗುವ ದಿನವನ್ನು ಇಬ್ಬರೂ ಸೇರಿ ಗೊತ್ತುಮಾಡಿ.

ಕಾಪು, ಕಾರ್ಕಳ ಕಡೆ ಇದನ್ನು ಓದುತ್ತಿರುವ ಹಿರಿಯ ಕೃಷಿಕರಿಗೂ ಒಂದು ಮಾತು. ಲೈಸೆನ್ಸುದಾರರಿಗೆ ಎಪ್ಪತ್ತು ವರ್ಷ ತುಂಬಿದರೆ, ಅಥವಾ ಕೋವಿ ಅವರ ಬಳಿ ಇಪ್ಪತ್ತೈದು ವರ್ಷ ಇದ್ದರೆ, ಬದುಕಿರುವಾಗಲೇ ಅದನ್ನು ವಾರಸುದಾರರೊಬ್ಬರ ಹೆಸರಿಗೆ ಮಾಡಿಸಲು ನಿಯಮಗಳಲ್ಲಿ ಅವಕಾಶವಿದೆ. ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇದ್ದರೆ ಈ ಸಲ ಊರಿಗೆ ಬಂದಾಗ ಕೇಳಿ, ನಿಮಗೆ ಇದು ಬೇಕೇ ಎಂದು. ಬೇಕೆಂದರೆ ಅರ್ಜಿ ಕೊಡಿಸಿ. ಬೇಡವೆಂದರೆ ನೀವೇ ಅದನ್ನು ಒಪ್ಪಿಸಿ, ಲೈಸೆನ್ಸ್ ರದ್ದು ಮಾಡಿಸಿ, ಆ ಕಾಗದವನ್ನು ಆಸ್ತಿಪತ್ರಗಳ ಜೊತೆಗೇ ಇಟ್ಟು ಮನೆಯವರಿಗೆ ತಿಳಿಸಿ.